ನೂರಾ ಇಪ್ಪತ್ತೇಳು ಹಲ್ಲಿನ ಚಕ್ರ

೧೯೭೮ನೇ ಇಸವಿ, ಜೂನ್ ಹನ್ನೆರಡು, ಸೋಮವಾರ. ಬೆಳಿಗ್ಗೆ ಏಳು ಗಂಟೆ ಐವತ್ತು ನಿಮಿಷ. ಸ್ಥಳ, ಬೆಳಗಾವಿಯ ಉದ್ಯಮಬಾಗದಲ್ಲಿ ನಾನು ಕೆಲಸ ಮಾಡುತ್ತಿದ್ದ ಗೇರ್ ಕಾರ್ಖಾನೆಯ ಲೆಕ್ಕದ ಕೋಣೆ. ಹಾಜರಿದ್ದವರು ನಾಲ್ವರು: ಸೂಪರಿಂಟೆಂಡೆಂಟ್ ಹಂಜಿ ಸಾಹೇಬರು, ಹಲ್ಲು ಕತ್ತರಿಸುವ ಮಿಲ್ಲಿಂಗ್ ಮಷೀನಿನ ಯಲ್ಲಪ್ಪ, ಖಾನಾಪುರದಿಂದ ಮೊದಲ ಬಸ್ಸಿಗೆ ಬಂದಿದ್ದ ಲೇಥ್ ಮಾಲೀಕ ವಿಠ್ಠಲ ಗುರವ, ಮತ್ತು ನಾನು. ಮೇಜಿನ ಮೇಲೆ ಗೋಣಿಚೀಲ ಹಾಸಿ ಇಟ್ಟಿದ್ದ ಒಂದು ಬೀಡುಕಬ್ಬಿಣದ ತಟ್ಟೆ. ಅದಕ್ಕೆ ಇನ್ನೂ ಹಲ್ಲು ಕತ್ತರಿಸಿರಲಿಲ್ಲ.

ಹೀಗೆ ದಿನ, ಹೊತ್ತು, ಹಾಜರಿ ಬರೆದು ಶುರುಮಾಡುವುದು ನನ್ನ ರೂಢಿ. ಶಿವಬಸವ ನಗರದ ಹೆಣ್ಣುಮಕ್ಕಳ ವಸತಿಗೃಹದಲ್ಲಿ ಓದಿದವಳು ನಾನು. ಅಲ್ಲಿ ಏಳುವುದಕ್ಕೆ ಒಂದು ಗಂಟೆ, ಉಣ್ಣುವುದಕ್ಕೆ ಒಂದು ಗಂಟೆ, ದೀಪ ಆರಿಸುವುದಕ್ಕೆ ಒಂದು ಗಂಟೆ. ಆ ಗಂಟೆಗಳು ನನ್ನೊಳಗೆ ಇನ್ನೂ ಹೊಡೆಯುತ್ತವೆ. ನನ್ನ ಬಡ್ತಿಗಳ ವಿವರ ಸರ್ವಿಸ್ ಪುಸ್ತಕದಲ್ಲಿದೆ, ಇಲ್ಲಿ ಬೇಡ. ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಕೆಲಸ ಹೇಗಿತ್ತು ಎಂದು ಕೇಳಿದಾಗಲೆಲ್ಲ ನನಗೆ ನೆನಪಾಗುವುದು ಆ ಸೋಮವಾರ. ಅದನ್ನೇ ಬರೆಯುತ್ತೇನೆ.

ಮೊದಲು ಕೆಲಸ ಏನೆಂದು ಹೇಳಬೇಕು. ನನ್ನ ಹುದ್ದೆಯ ಹೆಸರು ಪ್ಲಾನಿಂಗ್ ಕ್ಲಾರ್ಕ್. ನಿಜವಾಗಿ ಮಾಡುತ್ತಿದ್ದದ್ದು ಸಂಖ್ಯೆಗಳನ್ನು ಒಡೆಯುವ ಕೆಲಸ. ಹಲ್ಲು ಕತ್ತರಿಸುವ ಮಷೀನಿನ ಮೇಲೆ ಒಂದು ಭಾಗಯಂತ್ರವಿರುತ್ತದೆ. ಅದರ ಹಿಡಿಕೆಯನ್ನು ನಲವತ್ತು ಸಲ ತಿರುಗಿಸಿದರೆ ಚಕ್ರ ಒಂದು ಸುತ್ತು ತಿರುಗುತ್ತದೆ. ಅರವತ್ತು ಹಲ್ಲು ಬೇಕಾದರೆ ನಲವತ್ತನ್ನು ಅರವತ್ತರಿಂದ ಭಾಗಿಸಿ. ಒಂದೊಂದು ಹಲ್ಲಿಗೆ ಮೂರರಲ್ಲಿ ಎರಡು ಸುತ್ತು. ಆ ಎರಡು ಪಾಲನ್ನು ಕಣ್ಣಳತೆಯಲ್ಲಿ ನಿಲ್ಲಿಸಲಾಗದು. ಅದಕ್ಕಾಗಿ ಹಿಡಿಕೆಯ ಹಿಂದೆ ವೃತ್ತವಾಗಿ ತೂತು ಕೊರೆದ ತಟ್ಟೆ ಇರುತ್ತದೆ. ಮೂವತ್ತೊಂಬತ್ತು ತೂತಿನ ವೃತ್ತದಲ್ಲಿ ಇಪ್ಪತ್ತಾರು ತೂತು ದಾಟಿ ಗೂಟ ಸಿಕ್ಕಿಸಿದರೆ ಸರಿಯಾಗಿ ಮೂರರಲ್ಲಿ ಎರಡು.

ಸಂಖ್ಯೆ ಒಡೆಯುವಂಥದ್ದಾದರೆ ಎಲ್ಲ ಸಲೀಸು. ಒಡೆಯದ ಸಂಖ್ಯೆ ಬಂದರೆ ಕಷ್ಟ. ಒಂದನ್ನೂ ತನ್ನನ್ನೂ ಬಿಟ್ಟರೆ ಮತ್ತಾವುದರಿಂದಲೂ ಭಾಗವಾಗದ ಸಂಖ್ಯೆಗೆ ಪುಸ್ತಕದಲ್ಲಿ ಅವಿಭಾಜ್ಯ ಎನ್ನುತ್ತಾರೆ. ಯಲ್ಲಪ್ಪ ಅವನ್ನು ಮೊಂಡ ನಂಬರು ಎನ್ನುತ್ತಿದ್ದರು. ನೂರಾ ಇಪ್ಪತ್ತೇಳು ಅಂಥದ್ದು. ನೋಡುವುದು ಹೇಗೆ? ಎರಡು, ಮೂರು, ಐದು, ಏಳು, ಹನ್ನೊಂದು, ಈ ಐದರಿಂದ ಭಾಗಿಸಿ ನೋಡಿದರೆ ಸಾಕು. ಹದಿಮೂರು ಹದಿಮೂರಲೆ ನೂರಾ ಅರವತ್ತೊಂಬತ್ತು, ಆಗಲೇ ದಾಟಿಹೋಯಿತು. ಐದಕ್ಕೂ ಒಡೆಯದಿದ್ದರೆ ಅದು ಇನ್ನು ಯಾವುದಕ್ಕೂ ಒಡೆಯುವುದಿಲ್ಲ. ಹಾಗಾಗಿ ನೂರಾ ಇಪ್ಪತ್ತೇಳು ಹಲ್ಲಿಗೆ ನೂರಾ ಇಪ್ಪತ್ತೇಳು ತೂತಿನ ವೃತ್ತವೇ ಬೇಕು. ನಮ್ಮ ತಟ್ಟೆಗಳಲ್ಲಿ ಅತಿ ದೊಡ್ಡ ವೃತ್ತಕ್ಕೆ ನಲವತ್ತೊಂಬತ್ತು ತೂತು.

ಇಷ್ಟು ಮೊಂಡ ಚಕ್ರ ಯಾರಿಗೆ ಬೇಕು ಎಂದರೆ, ಇಂಚಿನ ಲೇಥ್ ಇಟ್ಟುಕೊಂಡು ಮಿಲಿಮೀಟರಿನ ಥ್ರೆಡ್, ಅಂದರೆ ಸ್ಕ್ರೂವಿನ ಸುರುಳಿಗೆರೆ, ಕೊರೆಯಬೇಕಾದ ಎಲ್ಲರಿಗೂ. ಲೇಥಿನ ಬದಿಗೆ ಜೋಡಿಸಿದ ಚಕ್ರಗಳ ಹಲ್ಲಿನ ಲೆಕ್ಕವೇ ಆ ಗೆರೆಗಳ ನಡುವಿನ ಅಂತರವನ್ನು ತೀರ್ಮಾನಿಸುತ್ತದೆ. ಒಂದು ಇಂಚು ಎಂದರೆ ಇಪ್ಪತ್ತೈದು ಪಾಯಿಂಟ್ ನಾಲ್ಕು ಮಿಲಿಮೀಟರ್. ಹತ್ತು ಇಂಚಿಗೆ ಇನ್ನೂರ ಐವತ್ತನಾಲ್ಕು. ಅದನ್ನು ಒಡೆದರೆ ಎರಡು ಗುಣಿಸು ನೂರಾ ಇಪ್ಪತ್ತೇಳು. ಇಂಚಿನಿಂದ ಮಿಲಿಮೀಟರಿಗೆ ದಾಟುವ ದಾರಿಯಲ್ಲಿ ಈ ಸಂಖ್ಯೆ ಕೂತಿದೆ. ಅದನ್ನು ಸುತ್ತಿಬಳಸಿ ಹೋಗಲು ಬರುವುದಿಲ್ಲ.

ಗುರವರ ಲೇಥ್ ಇಂಗ್ಲಿಷರ ಕಾಲದ್ದು, ಇಂಚಿನದ್ದು. ಮಲಪ್ರಭೆಯ ಮೇಲಿನ ಸಣ್ಣ ಬಾಂದಾರುಗಳ, ಅಂದರೆ ಒಡ್ಡುಗಳ, ಗೇಟು ಎತ್ತುವ ಹನ್ನೆರಡು ಸ್ಕ್ರೂ ದಂಡಗಳ ಕೆಲಸ ಅವರಿಗೆ ಸಿಕ್ಕಿತ್ತು. ಥ್ರೆಡ್ ಸುತ್ತಿಗೆ ಆರು ಮಿಲಿಮೀಟರಿನದು. ನೂರಾ ಇಪ್ಪತ್ತೇಳರ ಚಕ್ರವಿಲ್ಲದ ಅವರು ತಮ್ಮಲ್ಲಿದ್ದ ಐವತ್ತೈದು, ಎಪ್ಪತ್ತು, ಅರವತ್ತು, ಐವತ್ತರ ಚಕ್ರಗಳನ್ನು ಜೋಡಿಸಿ ಮಾದರಿಯ ಒಂದು ತುಂಡಿನ ಮೇಲೆ ಹತ್ತಿರ ಹತ್ತಿರದ ಥ್ರೆಡ್ ಕೊರೆದಿದ್ದರು. ಗಿಡ್ಡ ನಟ್ಟು ಅದರ ಮೇಲೆ ಚೆನ್ನಾಗಿ ಓಡಿತು. ಶುಕ್ರವಾರ ಬಂದ ಇಂಜಿನಿಯರು ಗೇಣುದ್ದದ ಕಂಚಿನ ಅಳತೆ ನಟ್ಟು ಹಾಕಿದರು. ಅದು ಮೂರರಲ್ಲಿ ಒಂದು ಭಾಗ ಹೋಗಿ ಕಚ್ಚಿ ನಿಂತಿತು. ಲೇಥಿನ ಮುಚ್ಚಳ ತೆಗೆಸಿ ಚಕ್ರ ನೋಡಿದ ಇಂಜಿನಿಯರು, ನೂರಾ ಇಪ್ಪತ್ತೇಳರ ಚಕ್ರ ಇಲ್ಲದೆ ಈ ಕೆಲಸ ಹಿಡಿದಿದ್ದು ಯಾಕೆಂದು ಕೇಳಿ, ಮಂಗಳವಾರ ಹತ್ತು ಗಂಟೆಗೆ ಬರುತ್ತೇನೆ, ಮೊದಲು ಚಕ್ರದ ಹಲ್ಲು ಎಣಿಸುತ್ತೇನೆ, ನೂರಾ ಇಪ್ಪತ್ತೇಳು ಇಲ್ಲದಿದ್ದರೆ ಕೆಲಸ ಬೇರೆಯವರಿಗೆ, ಎಂದು ಹೇಳಿ ನಟ್ಟನ್ನು ಅಲ್ಲೇ ಬಿಟ್ಟುಹೋಗಿದ್ದರು. ಗುರವರು ಶನಿವಾರ ಬೆಳಗಾವಿಯ ಫೌಂಡ್ರಿಯಲ್ಲಿ ತಟ್ಟೆ ಎರಕ ಹೊಯ್ಯಿಸಿ, ತೂತು ಕೊರೆಯಿಸಿ, ಸೋಮವಾರ ನಮ್ಮೆದುರು ನಿಂತಿದ್ದರು. ಆ ಫೌಂಡ್ರಿ ಕುಲುಮೆ ಹಚ್ಚುತ್ತಿದ್ದದ್ದು ವಾರಕ್ಕೊಮ್ಮೆ. ತಟ್ಟೆ ಇದ್ದದ್ದು ಒಂದೇ.

ಹಂಜಿ ಸಾಹೇಬರಿಗೆ ಅವಸರದ ಕೆಲಸ ಕಂಡರೆ ಆಗದು. ಅವರು ಒಂದು ಅಡ್ಡದಾರಿ ಸೂಚಿಸಿದರು. ಅರವತ್ತಮೂರನ್ನು ನೂರಾ ಇಪ್ಪತ್ತೇಳರಿಂದ ಗುಣಿಸಿದರೆ ಎಂಟು ಸಾವಿರದ ಒಂದು ಬರುತ್ತದೆ. ಎಂಟು ಸಾವಿರ ಸಲೀಸಾಗಿ ಒಡೆಯುವ ಸಂಖ್ಯೆ, ಹೀಗಾಗಿ ಅರವತ್ತಮೂರು ಹಲ್ಲಿನ ಸಣ್ಣ ಚಕ್ರದಿಂದ ಬಹುತೇಕ ಅದೇ ಫಲ ಸಿಗುತ್ತದೆ.

"ಅರವತ್ಮೂರ ಹಾಕ್ಕೊಂಡ ಹೋಗ್ರಿ ಗುರವ್ರ. ಎಂಟ ಸಾವಿರದಾಗ ಒಂದ ಪಾಲ ಫರಕ. ನಿಮ್ಮ ಇಂಜಿನಿಯರನ ನಟ್ಟಿಗೂ ಗೊತ್ತಾಗೂದಿಲ್ಲ."

"ನಟ್ಟಿಗೆ ಗೊತ್ತಾಗೂದಿಲ್ಲ, ಖರೇ. ಆದ್ರ ಅಂವ ಹಲ್ಲ ಎಣಸ್ತಾನಲ್ಲರೀ ಸಾಹೇಬ್ರ. ಒಮ್ಮೆ ಸಿಕ್ಕೊಂಡೇನಿ. ಎರಡನೇ ಸಲ ಸಿಕ್ಕೊಂಡ್ರ ಲೇಥ್ ಮಾರಿ ಮತ್ತ ಸಾಮಿಲ್ಲಿಗೆ ದಿಮ್ಮಿ ಉಳ್ಳಸಾಕ ಹೋಗೂದಽ."

ಹದಿನಾಲ್ಕು ವರ್ಷ ಮರ ಕೊಯ್ಯುವ ಸಾಮಿಲ್ಲಿನಲ್ಲಿ ದುಡಿದು ಆ ಲೇಥ್ ಕೊಂಡವರು ಅವರು. ಸಾಹೇಬರು ನನ್ನ ಕಡೆ ನೋಡಿ, ಮಷೀನಿಗೆ ಕೊಡುವ ಲೆಕ್ಕದ ಕಾರ್ಡು ಬರೆಯಿರಿ ಎಂದರು.

ಒಡೆಯದ ಸಂಖ್ಯೆಗೆ ನಮ್ಮ ಉಪಾಯ ಹೀಗಿತ್ತು. ಹತ್ತಿರದ ಒಂದು ಒಡೆಯುವ ಸಂಖ್ಯೆಯನ್ನು ಮಷೀನಿಗೆ ಹೇಳುವುದು. ವ್ಯತ್ಯಾಸವನ್ನು ಸರಿದೂಗಿಸಲು ತೂತಿನ ತಟ್ಟೆಯನ್ನೇ ಚಕ್ರಗಳ ಮೂಲಕ ಮೆಲ್ಲಗೆ ತಿರುಗುವಂತೆ ಮಾಡುವುದು. ಹೇಳಿದ ಸಂಖ್ಯೆ ದೊಡ್ಡದಾದರೆ ತಟ್ಟೆ ಹಿಡಿಕೆಯ ಜೊತೆಗೆ ಮುಂದಕ್ಕೆ ಸರಿಯಬೇಕು. ಸಣ್ಣದಾದರೆ ಹಿಂದಕ್ಕೆ. ಮುಂದಕ್ಕೋ ಹಿಂದಕ್ಕೋ ಎಂಬುದನ್ನು ತೀರ್ಮಾನಿಸುವುದು ಎರಡು ಚಕ್ರಗಳ ಮಧ್ಯೆ ಇಡುವ ನಡುಚಕ್ರ. ಒಂದು ಇಟ್ಟರೆ ಮುಂದಕ್ಕೆ, ಎರಡು ಇಟ್ಟರೆ ಹಿಂದಕ್ಕೆ.

ಇದರಲ್ಲಿ ಗೊಂದಲವಾಗಬಾರದೆಂದು ನಾನೇ ಒಂದು ನಿಯಮ ಮಾಡಿಕೊಂಡಿದ್ದೆ. ಯಾವಾಗಲೂ ದೊಡ್ಡ ಸಂಖ್ಯೆಯನ್ನೇ ಆರಿಸುವುದು, ಯಾವಾಗಲೂ ಒಂದೇ ನಡುಚಕ್ರ. ಆರು ವರ್ಷ ಹಾಗೇ ನಡೆದಿತ್ತು. ನನ್ನ ಕಾರ್ಡಿನಲ್ಲಿ ನಡುಚಕ್ರಕ್ಕೆ ಕಾಲಮ್ಮೇ ಇರಲಿಲ್ಲ. ಆ ದಿನ ನೂರಾ ಇಪ್ಪತ್ತೆಂಟು ಹಿಡಿದು ನೋಡಿದೆ, ನಾಲ್ಕು ಚಕ್ರ ಜೋಡಿಸಬೇಕು, ಹೊತ್ತು ಹಿಡಿಯುತ್ತದೆ. ನೂರಾ ಇಪ್ಪತ್ತು ಹಿಡಿದರೆ ಎರಡೇ ಚಕ್ರ ಸಾಕು, ಐವತ್ತಾರು ಮತ್ತು ಇಪ್ಪತ್ತನಾಲ್ಕು. ನಿಯಮ ಬಿಟ್ಟು ನೂರಾ ಇಪ್ಪತ್ತನ್ನೇ ಬರೆದೆ. ಎಂಟು ಇಪ್ಪತ್ತಕ್ಕೆ ಕಾರ್ಡು ಮಷೀನಿಗೆ ಹೋಯಿತು. ನಡುಚಕ್ರದ ಮಾತು ನನಗೂ ಹೊಳೆಯಲಿಲ್ಲ. ಯಲ್ಲಪ್ಪ ಎಂದಿನಂತೆ ಒಂದು ಇಟ್ಟರು.

ಒಂಬತ್ತು ಗಂಟೆಗೆ ಯಲ್ಲಪ್ಪ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದರು. ಖಾನಾಪುರ ರಸ್ತೆಯ ಹಳ್ಳಿಯೊಂದರ ಕುರಿಗಾರರ ಮನೆಯವರು, ಬರೆಯಲು ಸಹಿ ಮಾತ್ರ ಬರುತ್ತಿತ್ತು. ಹನ್ನೆರಡು ವರ್ಷದಿಂದ ಅದೇ ಮಷೀನು.

"ಬಾಯಾರ, ಹಲ್ಲ ಯಾಕೋ ದಪ್ಪ ಕಾಣತಾವು. ಒಮ್ಮೆ ಬಂದ ನೋಡ್ರಿ."

ನಾನು ತಲೆ ಎತ್ತಲಿಲ್ಲ. "ಕಾರ್ಡಿನ್ಯಾಗ ಇದ್ದಂಗ ಮಾಡ್ರಿ ಯಲ್ಲಪ್ಪ. ಕಾರ್ಡ್ ತಪ್ಪೂದಿಲ್ಲ."

ಅವರು ಹೋದರು. ಇದನ್ನು ಓದುತ್ತಿರುವ ಹೊಸಬರು ಈ ಜಾಗಕ್ಕೆ ಒಂದು ಗುರುತು ಹಾಕಿಕೊಳ್ಳಿ. ನೂರಾರು ಚಕ್ರ ಮುಟ್ಟಿದ ಕೈ ಏನೋ ಸರಿಯಿಲ್ಲ ಎಂದು ಹೇಳಿ ಕಳಿಸಿತ್ತು. ಎದ್ದು ಹೋಗಿದ್ದರೆ ಇಪ್ಪತ್ತು ಹೆಜ್ಜೆ.

ಹನ್ನೊಂದು ಐದಕ್ಕೆ ಚಕ್ರ ಇಳಿಯಿತು. ಬಹಳ ಅಂದವಾಗಿತ್ತು. ಸಾಮಾನ್ಯವಾಗಿ ಭಾಗ ತಪ್ಪಿದರೆ ಕೊನೆಯ ಹಲ್ಲಿನಲ್ಲಿ ಗೊತ್ತಾಗುತ್ತದೆ. ಅದು ದಪ್ಪವೋ ತೆಳುವೋ ಆಗಿ ಉಳಿಯುತ್ತದೆ. ಇಲ್ಲಿ ಹಾಗಾಗಿರಲಿಲ್ಲ. ಕೊನೆಯ ಹಲ್ಲು ಮೊದಲಿನದಕ್ಕೆ ಕೂದಲಷ್ಟೂ ವ್ಯತ್ಯಾಸವಿಲ್ಲದೆ ಕೂಡಿತ್ತು. ನಮ್ಮ ಕಾರ್ಖಾನೆಯಲ್ಲಿ ಒಂದು ಪದ್ಧತಿ ಇತ್ತು. ಚಕ್ರ ಹೊರಗೆ ಹೋಗುವ ಮೊದಲು ಗಿರಾಕಿಯೇ ಹಲ್ಲು ಎಣಿಸಿ, ಕಾರ್ಡಿನ ಮೇಲೆ ಸಂಖ್ಯೆ ಬರೆದು ಸಹಿ ಮಾಡಬೇಕು. ಹತ್ತಕ್ಕೊಂದು ಸೀಮೆಸುಣ್ಣದ ಗೆರೆ. ಗುರವರು ನೆಲದ ಮೇಲೆ ಕುಳಿತು, ಚಕ್ರವನ್ನು ತೊಡೆಯ ಮೇಲಿಟ್ಟುಕೊಂಡು ಮರಾಠಿಯಲ್ಲಿ ಎಣಿಸಿದರು. ಏಕಶೇ ತೇರಾ ಎಂದು ನಿಂತರು. ಮತ್ತೆ ಮೊದಲಿನಿಂದ, ಈ ಸಲ ಕನ್ನಡದಲ್ಲಿ ಎಣಿಸಿದರು. ನೂರಾ ಹದಿಮೂರು.

"ಬಾಯಿ, ನಾ ಎಣಸೂದ್ರಾಗ ಏನರ ತಪ್ಪೇತೇನ್ರಿ?"

ತಪ್ಪಿರಲಿಲ್ಲ. ಕೇಳಿದ ಕ್ಷಣವೇ ನನಗೆ ಗೊತ್ತಾಯಿತು. ನೂರಾ ಇಪ್ಪತ್ತಕ್ಕೆ ಏಳು ಕೂಡುವ ಬದಲು ಏಳು ಕಳೆದಿತ್ತು ನನ್ನ ಕಾರ್ಡು. ತೂತಿನ ತಟ್ಟೆ ಹಿಂದಕ್ಕೆ ಸರಿಯುವ ಬದಲು ಮುಂದಕ್ಕೆ ಸರಿದಿತ್ತು. ನೂರಾ ಹದಿಮೂರೂ ಅವಿಭಾಜ್ಯವೇ. ಒಂದು ಮೊಂಡ ನಂಬರಿನ ಬದಲು ಅದರ ಜೋಡಿಯನ್ನು, ಒಂದಿಷ್ಟೂ ಊನವಿಲ್ಲದೆ, ನಾವು ಕತ್ತರಿಸಿ ಇಟ್ಟಿದ್ದೆವು. ಗುರವರ ಲೇಥಿಗೆ ಅದರಿಂದ ಏನೂ ಉಪಯೋಗವಿರಲಿಲ್ಲ.

ಹಂಜಿ ಸಾಹೇಬರು ಬಂದು, ಕಾರ್ಡು ಯಾರದೆಂದು ಕೇಳಿದರು. ನನ್ನದು ಎಂದೆ. ಯಲ್ಲಪ್ಪ ಒಂಬತ್ತಕ್ಕೇ ಬಂದು ಹೇಳಿದ್ದರು, ನಾನು ಏಳಲಿಲ್ಲ ಎಂಬುದನ್ನೂ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಗುರವರು ಚಕ್ರವನ್ನು ಇನ್ನೂ ತೊಡೆಯ ಮೇಲಿಂದ ಇಳಿಸಿರಲಿಲ್ಲ. ಮುಂದಿನ ಎರಕ ಶನಿವಾರ. ಇಂಜಿನಿಯರು ಬರುವುದು ನಾಳೆ ಹತ್ತಕ್ಕೆ.

ದಾರಿ ತೋರಿಸಿದವರು ಯಲ್ಲಪ್ಪ. ಅವರು ಚಕ್ರ ಎತ್ತಿಕೊಂಡು, ಹಲ್ಲಿನ ಕೆಳಗೆ ಉಳಿದಿದ್ದ ಬೀಡನ್ನು ಹೆಬ್ಬೆರಳಿನಲ್ಲಿ ಅಳೆದರು.

"ಇದರ ಹಲ್ಲ ಪೂರಾ ಕೆತ್ತಿ ತಗದು, ತಟ್ಟಿ ಸಣ್ಣದ ಮಾಡಿದ್ರ? ನೂರಾ ಇಪ್ಪತ್ತೇಳ ಸಣ್ಣ ಹಲ್ಲ ಹಿಡಸ್ತಾವು."

"ಸಣ್ಣ ಹಲ್ಲ ನನ್ನ ಬಾಕಿ ಚಕ್ರಕ್ಕ ಕೂಡಬೇಕಲ್ಲೋ ಮಾರಾಯಾ," ಎಂದರು ಗುರವರು.

"ಕೂಡೂದಿಲ್ಲ. ಅದಕ್ಕಽ ಅದರ ಗೆಣೆಯನ್ನೂ ನಾವಽ ಕೊಡೂಣು. ಎರಡೂ ಸಣ್ಣ ಹಲ್ಲಿನವು. ಅವು ತಮ್ಮೊಳಗಽ ಕೂಡಿದ್ರ ಸಾಕಲ್ಲ?"

ನಾನು ಕಾಗದ ತೆಗೆದುಕೊಂಡೆ. ನೂರಾ ಇಪ್ಪತ್ತೇಳರ ಚಕ್ರ ಲೇಥಿನಲ್ಲಿ ಹಲ್ಲು ಕೊಡುವುದು ಒಂದೇ ಒಂದು ಚಕ್ರಕ್ಕೆ. ಆ ಜೋಡಿ ತಮ್ಮೊಳಗೆ ಕೂಡಿದರೆ ಸಾಕು, ಉಳಿದವು ಹಳೆಯವೇ ನಡೆಯುತ್ತವೆ. ಹಲ್ಲಿನ ಗಾತ್ರ ಯಾವುದಾದರೂ ಆಗಲಿ, ಸಂಖ್ಯೆ ಮಾತ್ರ ನೂರಾ ಇಪ್ಪತ್ತೇಳು ಇರಬೇಕು. ಗೆಣೆಯಾಗಿ, ಅಂದರೆ ಜೋಡಿ ಚಕ್ರವಾಗಿ, ಅರವತ್ತು ಹಲ್ಲಿನ ಸಣ್ಣ ಚಕ್ರ ಸಾಕಾಗುತ್ತಿತ್ತು, ಅದಕ್ಕೆ ತಕ್ಕ ತುಂಡು ಸ್ಟೋರಿನಲ್ಲಿತ್ತು. ತಟ್ಟೆಯನ್ನು ಒಂಬತ್ತೂಕಾಲು ಇಂಚಿನಿಂದ ಎಂಟು ಇಂಚಿನ ಆಸುಪಾಸಿಗೆ ಇಳಿಸಬೇಕು. ಹಲ್ಲಿನ ಗಾಯ ಅದರೊಳಗೆ ಪೂರಾ ಹೋಗುತ್ತದೆ. ಸಾಹೇಬರು ಅಂಕಿಗಳನ್ನು ಎರಡು ಸಲ ನೋಡಿ ತಲೆ ಆಡಿಸಿದರು.

ಆಮೇಲೆ ನಡೆದದ್ದನ್ನು ಕಾರ್ಖಾನೆಯಲ್ಲಿ ಬಹಳ ದಿನ ಮಾತಾಡಿಕೊಂಡರು. ಸಾಹೇಬರು ಷರ್ಟಿನ ತೋಳು ಮಡಚಿ, ಮೂಲೆಯ ಹಳೆಯ ಮಿಲ್ಲಿಂಗ್ ಮಷೀನಿನ ಮೇಲಿನ ಬಟ್ಟೆ ತೆಗೆದು, ಅರವತ್ತರ ಚಕ್ರವನ್ನು ತಾವೇ ಕತ್ತರಿಸಲು ನಿಂತರು. ಅವರು ಮಷೀನು ಮುಟ್ಟಿದ್ದನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ. ಕಾರ್ಡು ಬರೆಯಲೇ ಎಂದು ಕೇಳಿದೆ.

"ಮೂರರಾಗ ಎರಡ ಸುತ್ತ. ಇದಕ್ಕ ನಿಮ್ಮ ಕಾರ್ಡ್ ಬ್ಯಾಡ್ರಿ ಬಾಯಿ. ಇವತ್ತ ಒಂದ ಕಾರ್ಡ್ ಸಾಕಾಗೇತಿ."

ಹನ್ನೆರಡೂಮುಕ್ಕಾಲಕ್ಕೆ ತಟ್ಟೆ ನುಣುಪಾಗಿ ಯಲ್ಲಪ್ಪನವರ ಮಷೀನಿಗೆ ಬಂತು. ಈ ಸಲ ನಾನು ಕೋಣೆಗೆ ಹೋಗಲಿಲ್ಲ. ಎರಡು ನಡುಚಕ್ರ ಇಡುವುದನ್ನು ನೋಡಿದೆ, ಹಿಡಿಕೆ ಒಂದು ಕಡೆ ತಿರುಗಿದಾಗ ತೂತಿನ ತಟ್ಟೆ ಇನ್ನೊಂದು ಕಡೆ ಸರಿಯುವುದನ್ನು ನೋಡಿದೆ, ಎರಡು ಸಂದು ಕೊರೆದ ಕೂಡಲೇ ನಡುವಿನ ಹಲ್ಲನ್ನು ಅಳೆಸಿದೆ. ಹಲ್ಲಿಗೆ ಒಂದು ನಿಮಿಷದ ಮೇಲೆ ಸ್ವಲ್ಪ ಹಿಡಿಯುತ್ತಿತ್ತು. ಎರಡೂಕಾಲು ಗಂಟೆ ನಿಲ್ಲುವುದಿತ್ತು.

ನಿಂತಲ್ಲಿ ನನಗೆ ನನ್ನ ಹಳೆಯ ತಪ್ಪುಗಳು ಸಾಲಾಗಿ ನೆನಪಾದವು. ಸೇರಿದ ಮೂರನೆಯ ತಿಂಗಳಲ್ಲಿ ಇನ್ನೂರ ಇಪ್ಪತ್ತೊಂದು ಅವಿಭಾಜ್ಯ ಎಂದು ಕಾರ್ಡಿನ ಮೇಲೆ ಬರೆದಿದ್ದೆ. ಹನ್ನೊಂದರವರೆಗೆ ಭಾಗಿಸಿ ನೋಡಿ ಸಾಕೆಂದು ಬಿಟ್ಟಿದ್ದೆ. ಸಾಹೇಬರು ಕೆಂಪು ಪೆನ್ಸಿಲಿನಲ್ಲಿ ಹದಿಮೂರು ಗುಣಿಸು ಹದಿನೇಳು ಎಂದಷ್ಟೇ ಬರೆದು ವಾಪಸು ಕಳಿಸಿದರು. ಆ ವಾರವೇ ನಾನು ಒಂದು ಉದ್ದನೆಯ ಪುಸ್ತಕ ತಂದು, ಒಂದರಿಂದ ಹತ್ತು ಸಾವಿರದವರೆಗಿನ ಸಂಖ್ಯೆಗಳನ್ನು ಬರೆದು, ಒಂದೊಂದರ ಪಕ್ಕದಲ್ಲಿ ಅದನ್ನು ಒಡೆಯುವ ಅತಿ ಸಣ್ಣ ಸಂಖ್ಯೆ ಬರೆಯತೊಡಗಿದೆ. ದಿನಾ ಬೆಳಿಗ್ಗೆ ಕೆಲಸಕ್ಕೆ ಮೊದಲು ಹತ್ತು ನಿಮಿಷ. ಎರಡು ವರ್ಷ ಹಿಡಿಯಿತು.

ಎಂಬತ್ತರ ದಶಕದ ನಡುವೆ ಕ್ಯಾಲ್ಕ್ಯುಲೇಟರ್ ಬಂತು. ಹೊಸದಾಗಿ ಸೇರಿದ ಡಿಪ್ಲೊಮಾ ಹುಡುಗನೊಬ್ಬ ಆ ಪುಸ್ತಕ ನೋಡಿ ನಕ್ಕ. ಅವನಿಗೂ ಒಂದು ದಿನ ಇದೇ ನೂರಾ ಇಪ್ಪತ್ತೇಳು ಬಂತು. ನಲವತ್ತನ್ನು ಭಾಗಿಸಿ, ಬಂದ ದಶಮಾಂಶಕ್ಕೆ ಅತಿ ಹತ್ತಿರದ ತೂತು ಹುಡುಕಿ, ಹತ್ತೊಂಬತ್ತರಲ್ಲಿ ಆರು ಎಂದು ಬರೆದುಕೊಟ್ಟ. ಒಂದು ಹೆಜ್ಜೆಗೆ ವ್ಯತ್ಯಾಸ ಏನೂ ಕಾಣದು. ನೂರಾ ಇಪ್ಪತ್ತೇಳು ಹೆಜ್ಜೆಗೆ ಅದು ಕೂಡುತ್ತ ಹೋಗಿ, ಕೊನೆಯ ಹಲ್ಲು ಚಾಕುವಿನ ಅಲಗಿನಷ್ಟು ತೆಳ್ಳಗೆ ಉಳಿಯಿತು. ಅವನನ್ನು ನಾನು ಬೈಯಲಿಲ್ಲ. ನನ್ನ ನೂರಾ ಹದಿಮೂರರ ಕಥೆ ಹೇಳಿದೆ. ಈಗ ಅವನೇ ದೊಡ್ಡ ಹುದ್ದೆಯಲ್ಲಿದ್ದಾನೆ, ಕಂಪ್ಯೂಟರು ಲೆಕ್ಕ ಮಾಡಿಕೊಡುತ್ತದೆ, ಆದರೂ ಮೊದಲ ಹಲ್ಲು ಅಳೆಯದೆ ಮುಂದಕ್ಕೆ ಬಿಡುವುದಿಲ್ಲ ಎಂದು ಕೇಳಿದ್ದೇನೆ.

ಅವಿಭಾಜ್ಯ ಸಂಖ್ಯೆಗಳ ಮೇಲೆ ಬರೀ ದೂರು ಹೇಳಿದಂತಾಯಿತು. ಅವುಗಳ ಗುಣವನ್ನೂ ಹೇಳಬೇಕು. ನಲವತ್ತು ಹಲ್ಲಿನ ಚಕ್ರ ಇಪ್ಪತ್ತರ ಜೊತೆ ತಿರುಗಿದರೆ ಅದೇ ಹಲ್ಲು ಅದೇ ಹಲ್ಲಿಗೆ ಪದೇ ಪದೇ ತಾಗುತ್ತದೆ. ಸಣ್ಣ ಚಕ್ರದ ಒಂದು ಹಲ್ಲಿನಲ್ಲಿ ಊನವಿದ್ದರೆ ಎದುರಿನ ಎರಡೇ ಹಲ್ಲು ಸವೆಯುತ್ತವೆ. ನೂರಾ ಇಪ್ಪತ್ತೇಳಾದರೆ ಹಾಗಲ್ಲ, ಅದರ ಒಂದೊಂದು ಹಲ್ಲೂ ಎದುರಿನ ಎಲ್ಲ ಹಲ್ಲುಗಳನ್ನೂ ಸರದಿಯಲ್ಲಿ ಮುಟ್ಟಿ ಬರುತ್ತದೆ. ಸವೆತ ಎಲ್ಲರಿಗೂ ಸಮ. ಕತ್ತರಿಸುವಾಗ ಕಾಡುವ ಗುಣವೇ ಓಡುವಾಗ ಕಾಯುತ್ತದೆ.

ಮೂರು ಹತ್ತಕ್ಕೆ ಚಕ್ರ ಇಳಿಯಿತು. ಗುರವರು ಎಣಿಸಿದರು, ಯಲ್ಲಪ್ಪ ಎಣಿಸಿದರು, ನಾನು ಎಣಿಸಿದೆ. ಮೂವರಿಗೂ ನೂರಾ ಇಪ್ಪತ್ತೇಳು. ಸಾಹೇಬರು ತಮ್ಮ ಅರವತ್ತನ್ನು ಯಾರಿಗೂ ಎಣಿಸಲು ಕೊಡದೆ ಕಾಗದದಲ್ಲಿ ಸುತ್ತಿ, ನನಗೂ ಯಲ್ಲಪ್ಪನವರಿಗೂ ಖಾನಾಪುರಕ್ಕೆ ಹೋಗಿ ಕೂಡಿಸಿ ಬರಲು ಹೇಳಿದರು. ಟಿಳಕವಾಡಿಯಲ್ಲಿ ನಮ್ಮ ಮನೆಯ ಪಕ್ಕದ ಔಷಧ ಅಂಗಡಿಗೆ ಫೋನು ಮಾಡಿ, ತಡವಾಗುತ್ತದೆಂದು ಮನೆಗೆ ತಿಳಿಸಲು ಹೇಳಿದೆ. ನಾಲ್ಕು ಗಂಟೆಯ ಬಸ್ಸು ಉದ್ಯಮಬಾಗದ ನಿಲ್ದಾಣದಲ್ಲೇ ಸಿಕ್ಕಿತು.

ಬಸ್ಸಿನಲ್ಲಿ ಗುರವರು ಚಕ್ರವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಇದಕ್ಕಿಂತ ದೊಡ್ಡ ಮೊಂಡ ನಂಬರ್ ಇರುತ್ತವೆಯೇ ಎಂದು ಕೇಳಿದರು. ಕೊನೆಯೇ ಇಲ್ಲ ಎಂದೆ. ಕಾಲೇಜಿನಲ್ಲಿ ನಮ್ಮ ಗಣಿತದ ಗುರುಗಳು ಒಮ್ಮೆ ಕಲಿಸಿದ್ದನ್ನು ಹೇಳಿದೆ. ಎರಡನ್ನು ಎರಡು ಸಲ ಗುಣಾಕಾರದಲ್ಲಿಟ್ಟು ಒಂದು ಕಳೆದರೆ ಮೂರು. ಮೂರು ಸಲ ಇಟ್ಟು ಒಂದು ಕಳೆದರೆ ಏಳು. ಏಳು ಸಲ ಇಟ್ಟು ಒಂದು ಕಳೆದರೆ ನೂರಾ ಇಪ್ಪತ್ತೇಳು. ಮೂರೂ ಅವಿಭಾಜ್ಯ. ಇನ್ನು ಎರಡನ್ನು ನೂರಾ ಇಪ್ಪತ್ತೇಳು ಸಲ ಇಟ್ಟು ಒಂದು ಕಳೆದರೆ ಮೂವತ್ತೊಂಬತ್ತು ಅಂಕಿಯ ಸಂಖ್ಯೆ ಬರುತ್ತದೆ. ಗುರುಗಳು ಅದನ್ನು ಹಲಗೆಯ ಈ ತುದಿಯಿಂದ ಆ ತುದಿಗೆ ಬರೆದಿದ್ದರು, ನನ್ನ ಪುಸ್ತಕದ ಕೊನೆಯ ಪುಟದಲ್ಲಿ ಈಗಲೂ ಇದೆ: ೧೭೦೧೪೧೧೮೩೪೬೦೪೬೯೨೩೧೭೩೧೬೮೭೩೦೩೭೧೫೮೮೪೧೦೫೭೨೭. ಅದೂ ಅವಿಭಾಜ್ಯವೇ. ಆಗ್ಗೆ ನೂರು ವರ್ಷದ ಹಿಂದೆ ಫ್ರಾನ್ಸಿನ ಗಣಿತಜ್ಞರೊಬ್ಬರು ಯಂತ್ರವಿಲ್ಲದೆ ಕೈಲೆಕ್ಕದಲ್ಲೇ ಅದನ್ನು ಸಾಧಿಸಿ ತೋರಿಸಿದ್ದರು. ಒಂದೊಂದಾಗಿ ಭಾಗಿಸುತ್ತ ಕೂತಿದ್ದರೆ ಜನ್ಮ ಸಾಲದು, ಅವರು ಬೇರೆಯೇ ದಾರಿ ಕಂಡುಕೊಂಡರು.

"ಅದರ ಮುಂದ?" ಎಂದರು ಗುರವರು.

"ಅದರಷ್ಟ ಸಲ ಎರಡನ್ನ ಗುಣಸಿ ಒಂದ ಕಳದ್ರ ಏನಾಕ್ಕೇತಿ, ಒಡೀತೈತೋ ಇಲ್ಲೋ, ಯಾರಿಗೂ ಗೊತ್ತಿಲ್ಲ."

"ಬಾಯಾರ ಕಾರ್ಡಿಗೆ ಗೊತ್ತಿದ್ದೀತು," ಎಂದರು ಯಲ್ಲಪ್ಪ ಕಿಟಕಿಯ ಹೊರಗೆ ನೋಡುತ್ತ. "ನಡುಚಕ್ರ ಒಂದಽ ಇಟ್ಟ ನೋಡೂಣೇನ್ರಿ?"

ಗುರವರು ಬೆಳಗಿನಿಂದ ಮೊದಲ ಸಲ ನಕ್ಕರು. ನಾನೂ ನಕ್ಕೆ. ಆ ಮಾತು ನನಗೆ ಸಲ್ಲಬೇಕಾದದ್ದೇ.

ಖಾನಾಪುರದ ಸ್ಟೇಷನ್ ರಸ್ತೆಯ ತಗಡಿನ ಶೆಡ್ಡು ತಲುಪಿದಾಗ ಐದು ಗಂಟೆ. ಜೋಡಿ ಕೂಡಿಸಿದೆವು. ನೂರಾ ಇಪ್ಪತ್ತೇಳು ಲೇಥಿನ ಉದ್ದ ಸ್ಕ್ರೂವಿನ ತುದಿಗೆ, ಅದಕ್ಕೆ ಹಲ್ಲು ಕೊಟ್ಟು ಅರವತ್ತು, ಅದರ ಹಿಂದೆ ಗುರವರದೇ ಎಂಬತ್ತು ಮತ್ತು ನಲವತ್ತು. ಒಂದು ಹಳೆಯ ಸರಳಿನ ತುಂಡು ಕಟ್ಟಿ ಕೊರೆಯಲು ಶುರುಮಾಡಿದರು. ಇಂಚಿನ ಲೇಥಿನ ಮೇಲೆ ಮಿಲಿಮೀಟರ್ ಕೊರೆಯುವಾಗ ಸ್ಕ್ರೂವಿನ ಹಿಡಿತವನ್ನು ನಡುವೆ ಬಿಡಿಸುವಂತಿಲ್ಲ. ಬಿಡಿಸಿದರೆ ಮತ್ತೆ ಅದೇ ಜಾಗಕ್ಕೆ ಕೂಡುವುದಿಲ್ಲ. ಪ್ರತಿ ಸಲವೂ ಮಷೀನನ್ನು ಉಲ್ಟಾ ಓಡಿಸಿ ಹಿಂದಕ್ಕೆ ಬರಬೇಕು. ಗುರವರು ಎಷ್ಟು ಸಲ ಹೋಗಿ ಬಂದರೆಂದು ನಾನು ಎಣಿಸಲಿಲ್ಲ. ಅಲ್ಲಿದ್ದ ಒಂದು ಸ್ಟೂಲಿನ ಮೇಲೆ ಕುಳಿತು ಚಕ್ರಗಳನ್ನೇ ನೋಡುತ್ತಿದ್ದೆ.

ಆರೂಮುಕ್ಕಾಲಕ್ಕೆ ಸರಳು ಇಳಿಸಿ, ಒರೆಸಿ, ಎಣ್ಣೆ ಹಚ್ಚಿದರು. ಕಂಚಿನ ನಟ್ಟನ್ನು ಬಟ್ಟೆಯಿಂದ ಬಿಚ್ಚಿದರು. ಮೊದಲ ಸುತ್ತು, ಎರಡನೆಯದು, ಐದನೆಯದು. ಶುಕ್ರವಾರ ಅದು ಕಚ್ಚಿದ್ದು ಹತ್ತನೆಯ ಸುತ್ತಿನ ಸುಮಾರಿಗೆ. ಅಲ್ಲಿ ಅವರ ಕೈ ತಾನೇ ನಿಧಾನವಾಯಿತು. ನಟ್ಟು ನಿಲ್ಲಲಿಲ್ಲ. ಮೂವತ್ತು ಸುತ್ತಿಗೆ ಪೂರಾ ಒಳಗೆ ಬಂತು, ಮುಂದಕ್ಕೂ ಹೋಯಿತು. ಒಂದು ಬೆರಳಿನಿಂದ ತಿರುಗಿಸಿ ನೋಡಿದರು. ಸರಳಿನ ಆ ತುದಿಯಲ್ಲಿ ನಟ್ಟು ಹೊರಬಂದು ಅಂಗೈಗೆ ಬಿತ್ತು.

"ಯಲ್ಲಪ್ಪ, ನೀನೂ ಒಮ್ಮೆ ತಿರುವು," ಎಂದರು. "ನಿನ್ನ ಕೈಗೆ ಏನ ಅನಸ್ತೈತಿ ಹೇಳ."

ಯಲ್ಲಪ್ಪ ಕಣ್ಣು ಮುಚ್ಚಿಕೊಂಡು ತಿರುಗಿಸಿದರು. "ಛಲೋ ಐತಿ."

ಮರುದಿನ ಇಂಜಿನಿಯರು ಬಂದು ಮಾತಿನಂತೆ ಹಲ್ಲು ಎಣಿಸಿ, ನಟ್ಟು ಓಡಿಸಿ, ಹನ್ನೆರಡೂ ದಂಡಗಳನ್ನು ಗುರವರಿಗೇ ಬಿಟ್ಟುಹೋದರೆಂದು ಬುಧವಾರ ತಿಳಿಯಿತು. ಆದರೆ ಗುರವರು ಮರುದಿನಕ್ಕೆ ಕಾಯಲಿಲ್ಲ. ಸರಳಿನ ತುಂಡನ್ನು ಮೂಲೆಗಿಟ್ಟು, ಆಗಲೇ ಮೊದಲನೆಯ ದಂಡವನ್ನು ಲೇಥಿಗೆ ಕಟ್ಟತೊಡಗಿದ್ದರು.

ಬಸ್ಸಿಗೆ ಇನ್ನೂ ಹೊತ್ತಿತ್ತು. ಮುಂದೆ ಬೇರೆ ಅಳತೆಯ ಥ್ರೆಡ್ ಬಂದರೆ ಪ್ರತಿ ಸಲ ಬೆಳಗಾವಿಗೆ ಬರಬೇಕೇ ಎಂದು ಅವರು ಕೇಳಿದರು. ನಾನು ಕಾಗದದಲ್ಲಿ ಲೆಕ್ಕ ಮಾಡಿ ನೋಡಿದಾಗ ನನಗೇ ಸಂತೋಷವಾಯಿತು. ನೂರಾ ಇಪ್ಪತ್ತೇಳು ಮತ್ತು ಅರವತ್ತು ಸದಾ ಇದ್ದಲ್ಲೇ ಇರಲಿ. ಗುರವರ ಲೇಥಿನಲ್ಲಿ ಆ ಜೋಡಿಯೇ ಮೂರು ಮಿಲಿಮೀಟರ್ ಕೊಡುತ್ತದೆ. ಬೇಕಾದ ಮಿಲಿಮೀಟರನ್ನು ಮೂರರಿಂದ ಭಾಗಿಸಿದರೆ ಉಳಿದ ಎರಡು ಚಕ್ರಗಳ ಲೆಕ್ಕ ಸಿಗುತ್ತದೆ. ಆರನ್ನು ಭಾಗಿಸಿದರೆ ಎರಡು, ಅದಕ್ಕೆ ಎಂಬತ್ತು ಮತ್ತು ನಲವತ್ತು. ಮೊಂಡತನವೆಲ್ಲ ಆ ಒಂದು ಜೋಡಿಯೊಳಗೆ ಸೇರಿಹೋಗಿತ್ತು, ಹೊರಗೆ ಉಳಿದದ್ದು ಬಾಯಿಲೆಕ್ಕ.

ಶೆಡ್ಡಿನಲ್ಲಿ ಕೆಂಪು ಬಣ್ಣದ ಡಬ್ಬಿ ಇತ್ತು. ಲೇಥಿನ ಚಕ್ರದ ಮುಚ್ಚಳವನ್ನು ಒಳಮಗ್ಗುಲು ಮೇಲಾಗಿ ಬೆಂಚಿನ ಮೇಲಿಟ್ಟು, ಸಣ್ಣ ಕುಂಚದಿಂದ ಬರೆಯತೊಡಗಿದೆ. ಆರು: ಎಂಬತ್ತು, ನಲವತ್ತು. ನಾಲ್ಕು: ಎಂಬತ್ತು, ಅರವತ್ತು. ಎರಡು: ನಲವತ್ತು, ಅರವತ್ತು. ಐದು ಮಿಲಿಮೀಟರಿನ ಅಳತೆಗೆ ಬಂದಾಗ, ಬೆನ್ನು ತಿರುಗಿಸಿ ದಂಡ ಕಟ್ಟುತ್ತಿದ್ದ ಗುರವರೇ ಹೇಳಿದರು: "ನೂರು, ಅರವತ್ತು." ಸರಿಯಾಗಿತ್ತು. ಬರೆದೆ.

"ಎಂಟು ಮಿಲಿಮೀಟರಿಗೆ?" ಎಂದು ಕೇಳಿದೆ.

ಅವರು ಸ್ಪ್ಯಾನರ್ ಕೆಳಗಿಟ್ಟು, ಬೆರಳ ಮೇಲೆ ಎಣಿಸಿ, ಗೋಡೆಗೆ ನೇತುಹಾಕಿದ್ದ ತಮ್ಮ ಚಕ್ರಗಳನ್ನು ಒಂದೊಂದಾಗಿ ನೋಡುತ್ತ ಹೋದರು. ನಾನು ಕುಂಚ ಎತ್ತಿಕೊಂಡು ಕಾದೆ.

"ಎಂಬತ್ತು, ಮೂವತ್ತು. ಮೂವತ್ತರದು ಐತಿ ನನ್ನ ಹಂತ್ಯಾಕ."

ಅದನ್ನು ಬರೆದು, ಕೆಳಗೆ ಒಂದು ಗೆರೆ ಎಳೆದು, ಕುಂಚವನ್ನು ಸೀಮೆಎಣ್ಣೆಯಲ್ಲಿ ತೊಳೆದಿಟ್ಟೆ. ಗಂಟೆ ಏಳು ಇಪ್ಪತ್ತೈದು.